ಪರದೆಯಲ್ಲಿ ಉಳಿದ ಹಳೆಯ ಚಿತ್ರ

ಇದನ್ನು ಬರೆಯಬೇಕೆಂದು ನಾನು ಎಷ್ಟೋ ಸಲ ಕುಳಿತಿದ್ದೇನೆ, ಅಷ್ಟೇ ಸಲ ಎದ್ದಿದ್ದೇನೆ. ನಮ್ಮ ವರ್ತಕರ ಸಂಘದವರು ಪ್ರತಿ ವರ್ಷ ಸ್ಮರಣ ಸಂಚಿಕೆ ತರುವಾಗ, "ಮಾಸ್ತರೇ, ನಿಮ್ಮ ಅನುಭವ ಬರ್ದು ಕೊಡಿ, ಹೊಸದಾಗಿ ಅಂಗಡಿ ಹಾಕೋರಿಗೆ ಉಪಯೋಗ ಆಗ್ತದೆ" ಎಂದು ಕೇಳುತ್ತಾರೆ. ಒಂದು ವರ್ಷ ಕಣ್ಣಿನ ಪೊರೆ ಎಂದೆ. ಇನ್ನೊಂದು ವರ್ಷ ಮಗಳ ಮನೆಯ ಗೃಹಪ್ರವೇಶ ಎಂದೆ. ಪೊರೆ ತೆಗೆಸಿಯಾಯಿತು, ಗೃಹಪ್ರವೇಶವೂ ಮುಗಿಯಿತು. ಅವರಿಗೆ ಬೇಕಾಗಿರುವುದು ನಾನು ಹೇಗೆ ಮೇಲೆ ಬಂದೆ ಎಂಬ ಕಥೆ. ಅದನ್ನು ಹೇಳಬೇಕಾದರೆ ಇದನ್ನು ಬಿಟ್ಟು ಹೇಳಲು ಆಗುವುದಿಲ್ಲ.

ಆಗ ೨೦೨೨ನೇ ಇಸವಿ. ನಾನು ಸಾಗರದಲ್ಲಿ ಒಂದು ಸಣ್ಣ ಕಂಪ್ಯೂಟರ್ ಅಂಗಡಿಯ ಮಾಲೀಕ. ಓದಿದ್ದು ಎಸ್ಸೆಸ್ಸೆಲ್ಸಿ. ಅದಾದ ಮೇಲೆ ಟೈಪಿಂಗ್ ಸೀನಿಯರ್ ಪಾಸು ಮಾಡಿ, ಟೈಪಿಂಗ್ ಕ್ಲಾಸು ನಡೆಸಿ, ಟೈಪ್‌ರೈಟರುಗಳ ಕಾಲ ಮುಗಿದಾಗ ಕಂಪ್ಯೂಟರಿಗೆ ಬಂದವನು. ಅದಕ್ಕೇ ಎಲ್ಲರೂ ಮಾಸ್ತರು ಎಂದು ಕರೆಯುತ್ತಿದ್ದರು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಪೇಟೆಗಳಲ್ಲಿ ಅಕ್ಕಿ ಗಿರಣಿ, ಹಾರ್ಡ್‌ವೇರ್ ಅಂಗಡಿ, ಆಡಿಟರ್ ಕಚೇರಿಗಳ ಕಂಪ್ಯೂಟರು ಕೆಟ್ಟರೆ ಬಸ್ಸು ಹತ್ತಿ ಹೋಗಿ ಸರಿಮಾಡಿ ಬರುವುದು ನನ್ನ ಕಸುಬು.

ಕೊರೊನಾ ಬಂದು ಬಸ್ಸು ನಿಂತಾಗ ಜನರಿಗೆ ಒಂದು ಹೊಸ ಅಗತ್ಯ ಹುಟ್ಟಿತು. ಅಂಗಡಿಯ ಕಂಪ್ಯೂಟರಿನಲ್ಲಿ ಇರುವುದನ್ನು ಮನೆಯಿಂದಲೇ ನೋಡಬೇಕು. ಇದಕ್ಕೆ ರಿಮೋಟ್ ಡೆಸ್ಕ್‌ಟಾಪ್ ಎಂಬ ತಂತ್ರಾಂಶ ಬೇಕು. ಒಂದು ಊರಿನ ಕಂಪ್ಯೂಟರಿನ ಪರದೆಯ ಚಿತ್ರವನ್ನು ಅದು ಎಡೆಬಿಡದೆ ಇನ್ನೊಂದು ಊರಿನ ಫೋನಿಗೆ ಕಳಿಸುತ್ತಿರುತ್ತದೆ. ಹೀಗೆ ಹರಿಸುವುದಕ್ಕೆ ಸ್ಟ್ರೀಮಿಂಗ್ ಎನ್ನುತ್ತಾರೆ. ನಮ್ಮ ಪಕ್ಕದ ಮನೆಯ ಸೊಸೆ ಸುಮಾ ಎಂಜಿನಿಯರಿಂಗ್ ಓದಿದವಳು, ಮಗು ಚಿಕ್ಕದೆಂದು ಕೆಲಸ ಬಿಟ್ಟು ಮನೆಯಲ್ಲಿದ್ದಳು. ಅವಳು ಬರೆದು ಕೊಟ್ಟಳು, ನಾನು ಮಾರಿದೆ.

ಅವಳು ಅದನ್ನು ಪ್ರೋಗ್ರೆಸಿವ್ ವೆಬ್ ಆ್ಯಪ್ ಎಂಬ ರೀತಿಯಲ್ಲಿ ಮಾಡಿದ್ದಳು. ಹಾಗೆಂದರೆ ಅದು ಮೂಲದಲ್ಲಿ ಒಂದು ವೆಬ್‌ಸೈಟು, ಆದರೆ ಫೋನಿನಲ್ಲಿ ಆ್ಯಪ್‌ನಂತೆ ಕೂರುತ್ತದೆ. ಪ್ಲೇ ಸ್ಟೋರಿನಿಂದ ಡೌನ್‌ಲೋಡ್ ಮಾಡುವುದು ಬೇಡ. ನಾನು ವಾಟ್ಸ್‌ಆ್ಯಪಿನಲ್ಲಿ ಒಂದು ಲಿಂಕ್ ಕಳಿಸಿದರೆ, ಗಿರಾಕಿ ಅದನ್ನು ಒತ್ತಿ, ಹೋಮ್ ಸ್ಕ್ರೀನಿಗೆ ಸೇರಿಸಿ ಎಂಬಲ್ಲಿ ಇನ್ನೊಮ್ಮೆ ಒತ್ತಿದರೆ ಮುಗಿಯಿತು. ಮೊಮ್ಮಕ್ಕಳ ವಿಡಿಯೋ ತುಂಬಿ ಜಾಗವೇ ಇಲ್ಲದ ಫೋನುಗಳಲ್ಲೂ ಅದು ನಡೆಯುತ್ತಿತ್ತು. ಅದಕ್ಕೆ ಇನ್ನೆರಡು ಗುಣಗಳಿದ್ದವು. ಆ್ಯಪ್‌ನ ಒಂದಷ್ಟು ಭಾಗ ಫೋನಿನಲ್ಲೇ ಉಳಿಯುವುದರಿಂದ ನೆಟ್ ಇಲ್ಲದಿದ್ದರೂ ಅದು ತೆರೆದುಕೊಳ್ಳುತ್ತದೆ. ಮತ್ತು ನಾವು ಸಾಗರದಲ್ಲಿ ಕೂತು ಏನನ್ನಾದರೂ ತಿದ್ದಿದರೆ, ಗಿರಾಕಿ ಮುಂದಿನ ಸಲ ತೆರೆಯುವ ಹೊತ್ತಿಗೆ ಅವನ ಫೋನಿನಲ್ಲೂ ತಿದ್ದಿಹೋಗಿರುತ್ತದೆ. ಹಳೆಯದು ಹೇಗಿತ್ತೆಂದು ಅವನಿಗೆ ತಿಳಿಯುವುದೂ ಇಲ್ಲ. ಈ ಎರಡನ್ನೂ ನೆನಪಿನಲ್ಲಿಟ್ಟುಕೊಳ್ಳಿ. ನನ್ನ ತಪ್ಪು ಇವೆರಡರ ನೆರಳಿನಲ್ಲೇ ನಡೆಯಿತು.

ಮೊದಮೊದಲು ಒಂದೇ ದೂರು. ನಮ್ಮ ಕಡೆ ನೆಟ್ ಹೋಗುವುದು ಬರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಹೋದ ಕೂಡಲೇ ಫೋನಿನ ಪರದೆ ಕಪ್ಪಾಗಿ, ಸಂಪರ್ಕ ಕಡಿದಿದೆ ಎಂದು ಕೆಂಪು ಅಕ್ಷರ ಬರುತ್ತಿತ್ತು. ತೀರ್ಥಹಳ್ಳಿಯ ಹಾರ್ಡ್‌ವೇರ್ ಅಂಗಡಿಯವರು ನಾಲ್ಕು ಜನರ ಮುಂದೆ, "ಮಾಸ್ತರೇ, ನಿಮ್ಮ ಆ್ಯಪ್ ಹುಟ್ಟಿದ್ದು ಅಮಾವಾಸ್ಯೆ ದಿನವಾ? ಯಾವಾಗ ನೋಡಿದ್ರೂ ಕತ್ಲೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಊರಿಗೆ ಬಂದವನೇ ಸುಮಾಳಿಗೆ ಹೇಳಿದೆ: ನೆಟ್ ಹೋದಾಗ ಕಪ್ಪು ಬೇಡ, ಕೊನೆಗೆ ಬಂದ ಚಿತ್ರವನ್ನೇ ಹಾಗೇ ನಿಲ್ಲಿಸು. ನೆಟ್ ಬಂದಾಗ ಮುಂದುವರಿಯಲಿ. ಗಿರಾಕಿಗೆ ಕಡಿದದ್ದೇ ಗೊತ್ತಾಗಬಾರದು.

ಅವಳು ಒಪ್ಪಲಿಲ್ಲ. "ಅಂಕಲ್, ಹಳೇ ಚಿತ್ರಾನ ಈಗಿಂದು ಅಂತ ನಂಬ್ತಾರೆ. ಗೋಡೆ ಮೇಲಿನ ಫೋಟೋದ ಹತ್ರ ಊಟ ಆಯ್ತಾ ಅಂತ ಕೇಳ್ದಂಗಾಗ್ತದೆ."

"ಒಂದೆರಡು ನಿಮಿಷಕ್ಕೆ ಎಂತ ಆಗ್ತದೆ? ಹೇಳ್ದಷ್ಟು ಮಾಡು" ಎಂದೆ.

ಕೊನೆಗೆ ಅವಳು ಹಟ ಹಿಡಿದು ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟಳು. ಸಂಪರ್ಕ ಇದ್ದರೆ ಹಸಿರು, ಇಲ್ಲದಿದ್ದರೆ ಬೂದು. ಆ ಚುಕ್ಕೆಯನ್ನೂ ನಾನು ಸಾಸಿವೆಕಾಳಿನಷ್ಟು ಸಣ್ಣದು ಮಾಡಿಸಿದೆ. ಡೇಟಾ ಉಳಿಯಲಿ ಎಂದು ಕಂಪ್ಯೂಟರಿನ ಪರದೆಯ ಕೆಳಗಿನ ಪಟ್ಟಿಯನ್ನು ಕಳಿಸುವುದನ್ನೂ ನಿಲ್ಲಿಸಿದೆ. ಗಡಿಯಾರ ಇರುವುದು ಆ ಪಟ್ಟಿಯಲ್ಲಿ. ಅದು ಯಾರಿಗೆ ಬೇಕು ಎಂದುಕೊಂಡೆ. ದೂರುಗಳು ನಿಂತವು. "ನಮ್ಮದಕ್ಕೆ ಎಳೆಯಷ್ಟು ನೆಟ್ ಇದ್ರೂ ಸಾಕು" ಎಂದು ನಾನು ಹೇಳಿಕೊಂಡು ತಿರುಗಿದೆ. ಅರವತ್ತು ದಾಟಿದ ಮೇಲೆ ಮೊದಲ ಸಲ ಜನ ನನ್ನನ್ನು ಸಾಫ್ಟ್‌ವೇರ್ ಮಾಸ್ತರು ಎಂದು ಕರೆಯತೊಡಗಿದ್ದರು.

ಆ ಹೊತ್ತಿಗೆ ಹೊಸನಗರದ ಒಂದು ರಕ್ತ ಪರೀಕ್ಷೆಯ ಲ್ಯಾಬ್ ನಮಗೆ ಸಿಕ್ಕಿತು. ಅಲ್ಲೇ ಸಮೀಪದಲ್ಲಿ ಒಂದು ಸಣ್ಣ ಕ್ಲಿನಿಕ್, ಕೆಲವೇ ಹಾಸಿಗೆಗಳು. ಅದರ ಡಾಕ್ಟರು ತೀರ್ಥಹಳ್ಳಿಯವರು. ವಾರದಲ್ಲಿ ಕೆಲವು ದಿನ ಮಾತ್ರ ಹೊಸನಗರಕ್ಕೆ ಬರುತ್ತಿದ್ದರು, ಉಳಿದ ದಿನ ಫೋನಿನಲ್ಲೇ ನರ್ಸಿಗೆ ಸೂಚನೆ ಕೊಡುತ್ತಿದ್ದರು. ಲ್ಯಾಬಿನ ಹಳೆಯ ಯಂತ್ರದ ಫಲಿತಾಂಶ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ಕಾಣುತ್ತಿತ್ತು. ಅದನ್ನು ಡಾಕ್ಟರು ತೀರ್ಥಹಳ್ಳಿಯಿಂದಲೇ ನೋಡಬೇಕು. ನಮ್ಮ ಆ್ಯಪ್ ಹೇಳಿ ಮಾಡಿಸಿದಂತಿತ್ತು. ಡಾಕ್ಟರಿಗೆ ನೋಡಲು ಮಾತ್ರ ಅವಕಾಶ, ಮುಟ್ಟಿದರೆ ಆ ಕಂಪ್ಯೂಟರಿನಲ್ಲಿ ಏನೂ ಅಲ್ಲಾಡದು, ಹಾಗೆ ಮಾಡಿಕೊಟ್ಟೆವು.

ಲ್ಯಾಬಿನಲ್ಲಿ ಒಬ್ಬರೇ ಟೆಕ್ನಿಷಿಯನ್. ನಲವತ್ತರ ಆಸುಪಾಸಿನ ಹೆಂಗಸು. ಅವರ ಹೆಸರು ಬರೆಯಲು ನನಗೆ ಇನ್ನೂ ಕೈ ಬರುತ್ತಿಲ್ಲ. ಸದ್ಯಕ್ಕೆ ಊರಿನವರು ಕರೆಯುತ್ತಿದ್ದಂತೆ ಲ್ಯಾಬಕ್ಕ ಎನ್ನುತ್ತೇನೆ. ಸೂಜಿಗೆ ಹೆದರುವ ಮಕ್ಕಳನ್ನು, ನಿಮ್ಮನೆ ಕರುವಿನ ಹೆಸರೇನು ಎಂದು ಮಾತಿಗೆಳೆದು, ಮಗು ಹೆಸರು ಹೇಳುವಷ್ಟರಲ್ಲಿ ರಕ್ತ ತೆಗೆದುಬಿಡುತ್ತಿದ್ದರು. ಅವರದೊಂದು ರೂಢಿಯಿತ್ತು. ಯಾವುದೇ ರಿಪೋರ್ಟಿನಲ್ಲಿ ಹೆಚ್ಚುಕಡಿಮೆ ಕಂಡರೆ ಡಾಕ್ಟರಿಗೆ ಫೋನ್ ಮಾಡಿ ಅಂಕಿ ಓದುವುದು, ಆಮೇಲೆ ಅವರ ಬಾಯಿಂದ ಅದನ್ನೇ ತಿರುಗಿ ಹೇಳಿಸುವುದು. "ಎಷ್ಟು ಅಂದೆ, ಹೇಳಿ ನೋಡಾಣ" ಎನ್ನುತ್ತಿದ್ದರಂತೆ. ಡಾಕ್ಟರಿಗೆ ಅದು ಕಿರಿಕಿರಿ. "ಶಾಲೆ ಹುಡ್ಗನ ಹಂಗೆ ನನ್ಹತ್ರ ಮಗ್ಗಿ ಒಪ್ಪಿಸ್ಕೊಳ್ತಾಳೆ ಮಾರಾಯ್ರೆ" ಎಂದು ನನ್ನ ಬಳಿ ನಗುತ್ತಾ ದೂರಿದ್ದರು. ನಾನು ಆ ಮಾತನ್ನೇ ಹಿಡಿದು ವ್ಯಾಪಾರ ಮಾಡಿದೆ. ಇನ್ನು ಮಗ್ಗಿ ಒಪ್ಪಿಸುವುದು ಬೇಡ ಡಾಕ್ಟರೇ, ನೀವೇ ಕಣ್ಣಾರೆ ನೋಡಿ ಎಂದೆ. ಲ್ಯಾಬಿನ ಮಾಲೀಕರು ಅವತ್ತೇ ಲ್ಯಾಬಕ್ಕನಿಗೆ ಹೇಳಿದರು, ಇನ್ನು ಡಾಕ್ಟರಿಗೆ ಫೋನ್ ಮಾಡಿ ತೊಂದರೆ ಕೊಡಬೇಡ, ಪ್ರಿಂಟು ಸಂಜೆ ಒಟ್ಟಿಗೆ ಕಳಿಸಿದರೆ ಸಾಕು. ಲ್ಯಾಬಕ್ಕ ನನ್ನ ಕಡೆ ತಿರುಗಿ, "ಅವ್ರು ನೋಡಿದ್ರು ಅಂತ ನಂಗೆ ಹೇಗೆ ಗೊತ್ತಾಗ್ತದೆ ಸಾರ್?" ಎಂದು ಕೇಳಿದ್ದರು. ಅದೆಲ್ಲ ತನ್ನಷ್ಟಕ್ಕೆ ಆಗುತ್ತದೆ ಎಂದಿದ್ದೆ.

ಆ ವರ್ಷದ ಬೇಸಿಗೆ ಶುರುವಾಗುವ ಹೊತ್ತು. ನಮ್ಮ ಮೂರು ತಾಲ್ಲೂಕಿನವರಿಗೆ ಆ ತಿಂಗಳುಗಳಲ್ಲಿ ಜ್ವರ ಬಂದರೆ ಮೊದಲು ಮಂಗನ ಕಾಯಿಲೆಯ ಹೆದರಿಕೆ. ಹೊಸನಗರದಲ್ಲಿ ಗೂಡ್ಸ್ ಆಟೋ ಓಡಿಸುವ ಮಂಜಪ್ಪ ಎಂಬವರು ಜ್ವರವೆಂದು ಆ ಕ್ಲಿನಿಕ್ಕಿನಲ್ಲಿ ಮಲಗಿದ್ದರು. ಬೆಳಿಗ್ಗೆ ಅವರ ರಕ್ತ ಲ್ಯಾಬಿಗೆ ಬಂತು. ನೋಡಬೇಕಾಗಿದ್ದದ್ದು ಮುಖ್ಯವಾಗಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳ ಸಂಖ್ಯೆ. ಅದು ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು. ಲ್ಯಾಬಕ್ಕ ಅವರ ಹೆಸರನ್ನು ಕಂಪ್ಯೂಟರಿನ ರೋಗಿಗಳ ಪಟ್ಟಿಗೆ ಹಾಕಿದರು. ಹೆಸರಿನ ಮುಂದೆ ಪೆಂಡಿಂಗ್ ಎಂದು ಬಂತು, ಆ ಚಿತ್ರ ನಮ್ಮ ಆ್ಯಪಿಗೂ ತಲುಪಿತು. ಅದರ ಬೆನ್ನಿಗೇ ಪೇಟೆಯ ಇನ್ನೊಂದು ತುದಿಯಲ್ಲಿ ರಸ್ತೆ ಅಗೆಯುತ್ತಿದ್ದ ಜೆಸಿಬಿ ನೆಟ್ಟಿನ ಕೇಬಲ್ಲನ್ನು ಕತ್ತರಿಸಿತು.

ಸ್ವಲ್ಪ ಹೊತ್ತಿಗೆ ಯಂತ್ರ ಪ್ಲೇಟ್‌ಲೆಟ್ ಹದಿನೆಂಟು ಸಾವಿರ ಎಂದು ತೋರಿಸಿತು. ಲ್ಯಾಬಕ್ಕ ಇನ್ನೊಮ್ಮೆ ಪರೀಕ್ಷಿಸಿ, ಅಷ್ಟೇ ಬಂದಾಗ ಪಟ್ಟಿಗೆ ಏರಿಸಿದರು. ಅವರ ಕಂಪ್ಯೂಟರಿನಲ್ಲಿ ಪೆಂಡಿಂಗ್ ಹೋಗಿ ಅಂಕಿ ಕೆಂಪಗೆ ಕಂಡಿತು. ಫೋನ್ ಮಾಡಬಾರದೆಂಬ ಅಪ್ಪಣೆ ಇದ್ದರೂ ಡಾಕ್ಟರಿಗೆ ಮಾಡಿದರು. ತೀರ್ಥಹಳ್ಳಿಯ ರೋಗಿಗಳ ನಡುವೆ ಇದ್ದ ಡಾಕ್ಟರು ಕಟ್ ಮಾಡಿದರು. ಆಗ ಲ್ಯಾಬಕ್ಕ ನನಗೆ ಮಾಡಿದರು.

ನಾನು ಅಂಗಡಿಯಲ್ಲಿ ಒಬ್ಬ ಹೊಸ ಗಿರಾಕಿಗೆ ಆ್ಯಪ್ ತೋರಿಸುತ್ತಿದ್ದೆ.

"ಸಾರ್, ಇಲ್ಲಿ ನೆಟ್ ಹೋದಂಗೆ ಕಾಣ್ತದೆ. ವಾಟ್ಸ್‌ಆ್ಯಪೂ ಬರ್ತಿಲ್ಲ. ನಮ್ಮ ಪರದೆ ಡಾಕ್ಟ್ರಿಗೆ ಹೋಗ್ತಾ ಇದೆಯಾ ನೋಡ್ತೀರಾ?"

ಎಲ್ಲ ಗಿರಾಕಿಗಳ ಪರದೆಯನ್ನೂ ನೋಡುವ ಅನುಕೂಲ ನನಗಿತ್ತು. ಆ ಬೆಳಿಗ್ಗೆ ಅವರ ಲ್ಯಾಬನ್ನೇ ಒಮ್ಮೆ ತೆರೆದಿದ್ದೆ. ಈಗ ಮತ್ತೆ ತೆರೆದೆ. ರೋಗಿಗಳ ಪಟ್ಟಿ ಸ್ವಚ್ಛವಾಗಿ ಕಂಡಿತು.

"ಕಾಣ್ತಾ ಇದೆ. ವಾಟ್ಸ್‌ಆ್ಯಪಿಗೆ ಹೆಚ್ಚು ನೆಟ್ ಬೇಕು, ನಮ್ಮದಕ್ಕೆ ಎಳೆಯಷ್ಟು ಸಾಕು" ಎಂದೆ. ಎದುರಿಗಿದ್ದ ಗಿರಾಕಿಗೂ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

"ಹಂಗಾದ್ರೆ ಕೊನೇ ಸಾಲಲ್ಲಿ ಎಂತ ಇದೆ, ಓದಿ ಹೇಳಿ ನೋಡಾಣ ಸಾರ್."

ಆ ಮಾತಿಗೆ ನನಗೆ ಸಿಟ್ಟು ಬಂತು. ನನ್ನಿಂದಲೂ ಮಗ್ಗಿ ಒಪ್ಪಿಸಿಕೊಳ್ಳುತ್ತಾಳಲ್ಲ ಎನಿಸಿತು. "ಎಲ್ಲ ಕಾಣ್ತದೆ ಮಾರಾಯ್ತಿ, ಫೋನ್ ಇಡಿ. ಕೆಲ್ಸ ಇದೆ" ಎಂದೆ. ಅವರು ಇಟ್ಟರು.

ಕೊನೆಯ ಸಾಲಿನಲ್ಲಿ ಪೆಂಡಿಂಗ್ ಎಂದಿತ್ತು. ಓದಿದ್ದರೆ ಅಲ್ಲಿಗೇ ಎಲ್ಲ ತಿಳಿಯುತ್ತಿತ್ತು. ಅವರು ಲ್ಯಾಬಿನ ಬಾಗಿಲು ಎಳೆದುಕೊಂಡು ಕ್ಲಿನಿಕ್ಕಿಗೆ ಓಡಿರುತ್ತಿದ್ದರು. ಮೂಲೆಯ ಚುಕ್ಕೆ ಬೂದು ಬಣ್ಣಕ್ಕೆ ತಿರುಗಿತ್ತೋ ಎಂದು ನಾನು ನೋಡಲೇ ಇಲ್ಲ. ನೋಡಿದರೂ ಕನ್ನಡಕವಿಲ್ಲದೆ ಅದು ಕಾಣುವಂತಿರಲಿಲ್ಲ. ಹಾಗೆ ಮಾಡಿಸಿದವನು ನಾನೇ.

ಡಾಕ್ಟರು ಮಧ್ಯಾಹ್ನದವರೆಗೆ ಹಲವು ಸಲ ಆ್ಯಪ್ ತೆರೆದು ನೋಡಿದರಂತೆ. ಪ್ರತಿ ಸಲವೂ ಪೆಂಡಿಂಗ್. ಯಂತ್ರಕ್ಕೆ ಏನೋ ಆಗಿರಬೇಕು, ಬರಲಿ ಎಂದು ಕಾದರು. ಇತ್ತ ಲ್ಯಾಬಕ್ಕ, ಡಾಕ್ಟರು ನೋಡಿದ್ದಾರೆ, ನರ್ಸಿಗೆ ಹೇಳಿರುತ್ತಾರೆ ಎಂದುಕೊಂಡರು. ಇಳಿಹೊತ್ತಿಗೆ ಮಂಜಪ್ಪನವರ ವಸಡಿನಿಂದ ರಕ್ತ ಬರತೊಡಗಿತು. ನರ್ಸ್ ಗಾಬರಿಯಾಗಿ ಫೋನ್ ಮಾಡಿದಾಗ ಡಾಕ್ಟರು ಕೂಡಲೇ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಮಂಜಪ್ಪ ಉಳಿದರು. ಆದರೆ ಬಹಳ ದಿನ ಐಸಿಯುನಲ್ಲಿದ್ದರು, ಚೇತರಿಸಿಕೊಂಡ ಮೇಲೂ ಮೊದಲಿನಂತೆ ಮೂಟೆ ಎತ್ತಲು ಅವರಿಂದ ಆಗಲಿಲ್ಲ. ರಿಪೋರ್ಟ್ ಬೆಳಿಗ್ಗೆಯೇ ಆಗಿತ್ತು ಎಂಬ ಸುದ್ದಿ ಅವರ ಮನೆಯವರಿಗೆ ತಿಳಿದು ದೊಡ್ಡ ಗಲಾಟೆಯಾಯಿತು.

ಆ ಸಂಜೆಯೇ ಸುಮಾ ನನ್ನ ಅಂಗಡಿಗೆ ಬಂದಳು. ಸರ್ವರಿನ ದಾಖಲೆ ತೆಗೆದು ನೋಡಿದ್ದಳು. "ಅಂಕಲ್, ಲ್ಯಾಬಿನ ಕಂಪ್ಯೂಟರ್ ಬೆಳಿಗ್ಗೆಯಿಂದ ನಮ್ಮ ಸಂಪರ್ಕದಲ್ಲೇ ಇರ್ಲಿಲ್ಲ. ಡಾಕ್ಟ್ರು ಇಡೀ ದಿನ ನೋಡಿದ್ದು ಹಳೇ ಚಿತ್ರ" ಎಂದಳು.

ಮೊದಲು ಹಳೆಯ ಕಪ್ಪು ಪರದೆ, ಕೆಂಪು ಅಕ್ಷರ ಎರಡನ್ನೂ ವಾಪಸು ಹಾಕು, ಈಗಲೇ ಹಾಕು ಎಂದೆ. ಅವಳು ಅಲ್ಲೇ ಕೂತು ಹಾಕಿದಳು. ಎದ್ದು ಹೋಗುವಾಗ, "ನಾಳೆ ಅವರಿಗೆ ಹೇಳ್ತೀರಲ್ಲ?" ಎಂದು ಕೇಳಿದಳು. ಹೇಳುತ್ತೇನೆ ಎಂದೆ. ಆ ಕ್ಷಣ ಹಾಗೆಂದೇ ಅಂದುಕೊಂಡಿದ್ದೆ.

ಮಾರನೇ ದಿನ ಲ್ಯಾಬಿನಲ್ಲಿ ಸೇರಿದೆವು. ಮಾಲೀಕರು, ಡಾಕ್ಟರು, ಮಂಜಪ್ಪನವರ ತಮ್ಮ, ಲ್ಯಾಬಕ್ಕ ಮತ್ತು ನಾನು. ಯಂತ್ರ ಪರೀಕ್ಷೆ ಮಾಡಿದ ಸಮಯ ದಾಖಲಾಗಿತ್ತು. ಆದರೆ ಫಲಿತಾಂಶವನ್ನು ಪಟ್ಟಿಗೆ ಏರಿಸಿದ ಸಮಯ ಆ ಹಳೆಯ ತಂತ್ರಾಂಶದಲ್ಲಿ ಉಳಿಯುತ್ತಿರಲಿಲ್ಲ. ಆಗಲೇ ಏರಿಸಿದೆ ಎಂದು ಲ್ಯಾಬಕ್ಕ ಹೇಳಿದರು. ನಾನು ನೋಡುವಾಗೆಲ್ಲ ಪೆಂಡಿಂಗ್ ಇತ್ತು ಎಂದು ಡಾಕ್ಟರು ಹೇಳಿದರು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಆ ಕೋಣೆಯಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ.

ಡಾಕ್ಟರು ನನ್ನನ್ನು ನೇರವಾಗಿ ಕೇಳಿದರು. "ಮಾಸ್ತರೇ, ನೆಟ್ ಹೋದ್ರೆ ನಿಮ್ಮ ಆ್ಯಪ್ ಹಳೇದನ್ನೇ ತೋರಿಸ್ತದಾ? ನೇರ ಹೇಳಿ."

ಹೇಳಲು ಬಾಯಿ ತೆರೆದೆ. ಆಗ ಮೂರೂ ಪೇಟೆಯ ಮುಖಗಳು ಕಣ್ಣ ಮುಂದೆ ಬಂದವು. ಅಮಾವಾಸ್ಯೆಯ ಜೋಕು, ಎಲ್ಲರ ನಗು. ಎಸ್ಸೆಸ್ಸೆಲ್ಸಿ ಓದಿದವನ ಸಾಫ್ಟ್‌ವೇರ್ ಇನ್ನೆಷ್ಟು ಚೆಂದ ಇರಲು ಸಾಧ್ಯ ಎನ್ನುವ ಮಾತು. ನಾನು ಎದ್ದು, "ನೀವೇ ನೋಡಿ" ಎಂದು ಡಾಕ್ಟರ ಫೋನಿನಲ್ಲೇ ಆ್ಯಪ್ ತೆರೆಸಿದೆ. ಅದು ತೆರೆಯುವಷ್ಟರಲ್ಲಿ ತಿದ್ದುಪಡಿ ಅವರ ಫೋನಿಗೂ ಬಂದಿತ್ತು. ಮೂಲೆಗೆ ಹೋಗಿ, ಅಷ್ಟರಲ್ಲಿ ಸರಿಯಾಗಿದ್ದ ನೆಟ್ಟಿನ ವೈರನ್ನು ಕಿತ್ತೆ. ಫೋನಿನ ಪರದೆ ಕಪ್ಪಾಗಿ, ಸಂಪರ್ಕ ಕಡಿದಿದೆ ಎಂಬ ಕೆಂಪು ಅಕ್ಷರ ಮೂಡಿತು.

"ಕಡಿದ್ರೆ ಹೀಗೆ ಹೇಳ್ತದೆ" ಎಂದೆ.

ಡಾಕ್ಟರಿಗೆ ಹಿಂದಿನ ದಿನ ಕಪ್ಪು ಕಂಡಿರಲಿಲ್ಲ, ಹಾಗಾದರೆ ಸಂಪರ್ಕ ಇತ್ತೆಂದೇ ಆಯಿತು. ಎಲ್ಲರ ಕಣ್ಣೂ ಲ್ಯಾಬಕ್ಕನ ಕಡೆ ತಿರುಗಿದವು. ಅವರು ಮಾತ್ರ ನನ್ನ ಕಡೆ ನೋಡುತ್ತಿದ್ದರು. "ಸಾರ್, ನಾನು ನಿಮಗೆ ಫೋನ್ ಮಾಡಿದ್ನಲ್ಲ? ಕೊನೇ ಸಾಲು ಓದಿ ಅಂತ ಕೇಳಿದ್ನಲ್ಲ?"

ಮಾಲೀಕರು, ಹೌದಾ ಎಂಬಂತೆ ನನ್ನನ್ನು ನೋಡಿದರು.

"ಫೋನ್ ಬಂದಿತ್ತು. ನೆಟ್ ಇದೆಯಾ ಅಂತ ಕೇಳಿದ್ರು. ಪೇಷಂಟಿನ ವಿಷಯ ಏನೂ ಹೇಳ್ಲಿಲ್ಲ."

ನನ್ನ ಮಾತಿನ ಒಂದೊಂದು ಪದವೂ ಸತ್ಯವಾಗಿತ್ತು. ನಲವತ್ತು ವರ್ಷ ವ್ಯಾಪಾರ ಮಾಡಿ ಕಲಿತ ಜಾಣತನ ಅದು. ಲ್ಯಾಬಕ್ಕ ಕೈಗವಸು ಬಿಚ್ಚಿ, ಮಡಿಸಿ, ಬುಟ್ಟಿಗೆ ಹಾಕಿದರು. ಬಿಸಾಡುವ ಕೈಗವಸನ್ನು ಯಾರೂ ಮಡಿಸುವುದಿಲ್ಲ. ಅದೊಂದು ನನ್ನ ಕಣ್ಣಿನಿಂದ ಇವತ್ತಿಗೂ ಹೋಗಿಲ್ಲ.

ಮಾಲೀಕರು ಆ ವಾರವೇ ಅವರನ್ನು ಕೆಲಸದಿಂದ ಬಿಡಿಸಿದರು. ರಿಪೋರ್ಟ್ ಇಟ್ಟುಕೊಂಡು ಕೂತವಳು ಎಂಬ ಹೆಸರು ಮೂರೂ ಪೇಟೆಗೆ ಹಬ್ಬಿತು. ಅವರು ಸಾಗರದಲ್ಲೂ ತೀರ್ಥಹಳ್ಳಿಯಲ್ಲೂ ಲ್ಯಾಬುಗಳಲ್ಲಿ ಕೆಲಸ ಕೇಳಿದರು, ಯಾರೂ ಕೊಡಲಿಲ್ಲ ಎಂದು ಕೇಳಿದೆ. ಸಾಗರದಲ್ಲಿ ಅವರು ಕೇಳಿದ ಲ್ಯಾಬೂ ನನ್ನ ಗಿರಾಕಿಯೇ. ಒಂದು ಮಾತು ಹೇಳಿದ್ದರೆ ಸಾಕಾಗುತ್ತಿತ್ತು. ಸುಮಾ ನಾನು ಹೇಳಿಲ್ಲವೆಂದು ತಿಳಿದ ದಿನ ಪಾಸ್‌ವರ್ಡುಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟು ಹೋದಳು. ಈಗಲೂ ಬೇಲಿಯಾಚೆ ಬಟ್ಟೆ ಒಣಹಾಕುತ್ತಾಳೆ. ಹಬ್ಬಕ್ಕೆ ಕೋಸಂಬರಿ ಕಳಿಸುತ್ತಾಳೆ. ಅಂಕಲ್ ಎಂದು ಕರೆಯುವುದನ್ನು ನಿಲ್ಲಿಸಿದ್ದಾಳೆ. ಅವಳಿಲ್ಲದೆ ಆ್ಯಪ್ ನಿಧಾನವಾಗಿ ನಿಂತುಹೋಯಿತು. ಗಿರಾಕಿಗಳು ಬೇರೆ ಕಂಪನಿಯದಕ್ಕೆ ಹೋದರು, ನಾನು ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ.

ಹೋದ ವರ್ಷ ಹೆಂಡತಿಯ ಹರಕೆ ತೀರಿಸಲು ಸಿಗಂದೂರಿಗೆ ಹೋಗಿದ್ದೆವು. ಈಗ ಹಿನ್ನೀರು ದಾಟಲು ಲಾಂಚಿಗೆ ಕಾಯುವುದು ಬೇಡ, ಸೇತುವೆ ಆಗಿದೆ. ದೇವಸ್ಥಾನದ ದಾರಿಯಲ್ಲಿ ಹಣ್ಣುಕಾಯಿ ಅಂಗಡಿಗಳ ಸಾಲು. ಒಂದರ ಮುಂದೆ ನಿಂತು ಬುಟ್ಟಿ ಕೇಳಿದಾಗ, ಬಗ್ಗಿ ತೆಂಗಿನಕಾಯಿ ಆರಿಸುತ್ತಿದ್ದ ಹೆಂಗಸು ತಲೆ ಎತ್ತಿದರು. ಲ್ಯಾಬಕ್ಕ. ಅಕ್ಕನ ಅಂಗಡಿ, ನೋಡಿಕೊಳ್ಳುತ್ತಿದ್ದೇನೆ ಎಂದರು. ನನ್ನ ಹೆಂಡತಿಯನ್ನು ಮಾತಾಡಿಸಿದರು, ಮಂಡಿನೋವು ವಿಚಾರಿಸಿದರು, ಯಾವ ಪರೀಕ್ಷೆ ಮಾಡಿಸಿದರೆ ಒಳ್ಳೆಯದು ಎಂದು ಹೇಳಿದರು. ಆಮೇಲೆ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಬಿಡದೆ ಹಿಡಿದುಕೊಂಡು ಹೇಳಿದರು:

"ಕಾಯಿ, ಬಾಳೆಹಣ್ಣು, ಊದಿನಕಡ್ಡಿ, ಕುಂಕುಮ, ಹೂವು. ಎಂತೆಂತ ಇದೆ, ಹೇಳಿ ನೋಡಾಣ ಸಾರ್."

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ತಮಾಷೆಯೋ, ರೂಢಿಯೋ ನನಗೆ ತಿಳಿಯಲಿಲ್ಲ. ನಾನು ಬುಟ್ಟಿ ನೋಡುತ್ತಾ ಒಂದೊಂದಾಗಿ ಹೇಳಿದೆ. ಕಾಯಿ. ಬಾಳೆಹಣ್ಣು. ಊದಿನಕಡ್ಡಿ. ಕುಂಕುಮ. ಹೂವು. "ಸರಿ ಇದೆ" ಎಂದು ಬುಟ್ಟಿ ಬಿಟ್ಟರು. ನಾಲಿಗೆಯ ತುದಿಗೆ ಇನ್ನೊಂದು ಮಾತು ಬಂದಿತ್ತು. ಹಿಂದೆ ಜನ ನಿಂತಿದ್ದರು, ಹೆಂಡತಿ ಸಾಲು ಉದ್ದವಾಗುತ್ತದೆ ಎಂದು ತೋಳು ಎಳೆದಳು. ಹೋದೆ. ಬರುವಾಗ ಬೇರೆ ದಾರಿಯಿಂದ ಬಂದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಗಿರಾಕಿಗೆ ಗೊತ್ತಿಲ್ಲದ ಕತ್ತಲೆಯನ್ನು ಬೆಳಕಿನಂತೆ ತೋರಿಸಿ ಮಾರಬಾರದು. ನಮ್ಮ ವಸ್ತು ಕೈಕೊಟ್ಟಾಗ, ಕೈಕೊಟ್ಟಿದೆ ಎಂದು ಅದೇ ದೊಡ್ಡದಾಗಿ ಕೂಗಿ ಹೇಳಬೇಕು. ಅದು ಹೇಳದಿದ್ದರೆ ಮಾರಿದವನು ಹೇಳಬೇಕು. ಹೊಸದಾಗಿ ಅಂಗಡಿ ಹಾಕುವವರಿಗೆ ಇದರಿಂದ ಉಪಯೋಗವಾದರೆ ಆಗಲಿ. ಈ ಸಂಚಿಕೆ ಹೊಸನಗರದ ಆ ಮಾಲೀಕರಿಗೂ, ತೀರ್ಥಹಳ್ಳಿಯ ಡಾಕ್ಟರಿಗೂ ಹೋಗುತ್ತದೆ. ಅವರು ಓದಲಿ ಎಂದೇ ಬರೆದಿದ್ದೇನೆ. ರಿಪೋರ್ಟ್ ತಡವಾಗಿರಲಿಲ್ಲ. ಅದು ಬೆಳಿಗ್ಗೆಯೇ ಪಟ್ಟಿಯಲ್ಲಿತ್ತು.

ಸಿಗಂದೂರಿಗೆ ಇದು ತಲುಪುತ್ತದೋ ಇಲ್ಲವೋ. ತಲುಪಿದರೂ ಇದು ಕ್ಷಮೆ ಕೇಳಿದಂತಾಗುವುದಿಲ್ಲ. ಅದನ್ನು ಎದುರು ನಿಂತು ಕೇಳಬೇಕು, ನಾನು ಇನ್ನೂ ಕೇಳಿಲ್ಲ. ಡೇಟಾ ಉಳಿಯಲಿ ಎಂದು ನಾನು ಕತ್ತರಿಸಿದ ಪರದೆಯ ಕೆಳಗಿನ ಪಟ್ಟಿಯಲ್ಲಿ ಇದ್ದದ್ದು ಗಡಿಯಾರವೊಂದೇ ಅಲ್ಲ. ಅದರ ಪಕ್ಕದಲ್ಲಿ, ಲ್ಯಾಬಿನ ತಂತ್ರಾಂಶ ತೋರಿಸುವ ಪರೀಕ್ಷೆ ಮಾಡಿದವರು ಎಂಬಲ್ಲಿ, ಲ್ಯಾಬಕ್ಕನ ಹೆಸರಿತ್ತು. ಯಶೋದಾ.